ಹದಿನಾಲ್ಕು ಓಟು

ಇಯೆವಾ ನಮ್ಮ ಮನೆಗೆ ಬಂದ ಮೂರನೆಯ ದಿನ ಸಂಜೆ ನನಗೆ ಸಿಟ್ಟು ಬಂತು. ಅದು ಇನ್ನೂ ಪೂರ್ತಿ ಇಳಿದಿಲ್ಲ. ಸಿಟ್ಟು ಆ ಹುಡುಗಿಯ ಮೇಲಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವಳು ಲಿಥುವೇನಿಯಾ ದೇಶದವಳು, ಹದಿನೆಂಟರ ಹುಡುಗಿ. ಈ ಸಲದ ಈಸ್ಟರ್ ರಜೆಯಲ್ಲಿ ಯುರೋಪಿನ ಮೂರು ದೇಶಗಳಿಂದ ಹನ್ನೆರಡು ಮಂದಿ ಹುಡುಗ ಹುಡುಗಿಯರು ಲಂಡನ್ನಿನಲ್ಲಿ ನಾವಿರುವ ವೆಂಬ್ಲಿಗೆ ಬಂದಿದ್ದರು. ಇಲ್ಲಿಯ ಹನ್ನೆರಡು ಮಕ್ಕಳ ಜೊತೆ ಹತ್ತು ದಿನ ಕೂತು, ಯುರೋಪಿನವರು ಎಂದರೆ ಯಾರು, ಊರಿನ ಆಗುಹೋಗಿನಲ್ಲಿ ಪಾಲುಗೊಳ್ಳುವ ನಾಗರಿಕ ಎಂದರೆ ಹೇಗಿರಬೇಕು ಎಂದು ಚರ್ಚೆ ಮಾಡುವುದು ಅವರ ಕಾರ್ಯಕ್ರಮ. ನನ್ನ ಮೊಮ್ಮಗಳು ಸ್ಪಂದನಾ ಇಲ್ಲಿಯ ಹನ್ನೆರಡರಲ್ಲಿ ಒಬ್ಬಳು. ಬಂದವರನ್ನು ಮನೆಗೊಬ್ಬರಂತೆ ಹಂಚಿದಾಗ ನಮ್ಮ ಪಾಲಿಗೆ ಬಂದವಳು ಇಯೆವಾ.

ಅವಳ ಇಂಗ್ಲಿಷ್ ನನಗೆ ಸ್ಪಂದನಾಳ ಇಂಗ್ಲಿಷಿಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಅವಳೂ ನನ್ನ ಹಾಗೆ ಅದನ್ನು ಕಲಿತವಳು. ಒಂದೊಂದೇ ಶಬ್ದ ಹುಡುಕಿ, ಸರಿಯಿದೆಯೇ ಎಂದು ನೋಡಿ ಇಡುತ್ತಿದ್ದಳು. ಸ್ಪಂದನಾ ನನ್ನನ್ನು ಆಯಿ ಎನ್ನುವುದನ್ನು ಕೇಳಿ ತಾನೂ ಎರಡನೆಯ ದಿನದಿಂದಲೇ ಆಯಿ ಎನ್ನತೊಡಗಿದಳು. ಜೋಳದ ರೊಟ್ಟಿಗೆ ಅವರ ಊರಿನ ಕಪ್ಪು ಬ್ರೆಡ್ಡಿನ ವಾಸನೆ ಇದೆಯಂತೆ. ಇರಬಹುದು.

ಮೂರನೆಯ ದಿನ ಅವಳು ಚರ್ಚೆ ನಡೆಯುವ ಕಮ್ಯುನಿಟಿ ಹಾಲಿನಿಂದ ಒಂದು ಹಾಳೆ ತಂದಳು. ತಾವು ಉಳಿದುಕೊಂಡ ಮನೆಯವರನ್ನೇ ಕೇಳಿ ಅದನ್ನು ತುಂಬಬೇಕಿತ್ತು. ಈ ಮನೆಯಲ್ಲಿ ಎಷ್ಟು ಜನ ದೊಡ್ಡವರು, ಯಾರು ಯಾರು ಓಟು ಹಾಕುತ್ತಾರೆ, ಯಾರಾದರೂ ಕೌನ್ಸಿಲರನ್ನು ಭೇಟಿಯಾಗಿದ್ದೀರಾ, ಹೀಗೆ. ಊಟದ ಮೇಜಿನ ಮೇಲೆ ಹಾಳೆ ಹರಡಿ, ಪೆನ್ನು ಹಿಡಿದು, ಲೆಕ್ಕಾಧಿಕಾರಿಯ ಹಾಗೆ ಕೂತಳು. ನನ್ನ ಮಗ ವಿನಾಯಕ, ಸೊಸೆ ಚಂದ್ರಿಕಾ ಇಬ್ಬರೂ ಎದುರಿಗಿದ್ದರು.

“ಮೂರು ಜನ ದೊಡ್ಡವರು,” ಎಂದ ವಿನಾಯಕ. “ಎರಡು ಓಟು.”

“ಎರಡು ಯಾಕೆ?” ಎಂದಳು ಇಯೆವಾ.

“ನಮ್ಮ ತಾಯಿ ಇಂಡಿಯನ್ ಸಿಟಿಜನ್. ಅವರಿಗೆ ಇಲ್ಲಿ ಓಟಿಲ್ಲ.”

ಇಯೆವಾ ಪೆನ್ನು ಕೆಳಗಿಟ್ಟಳು. “ಇದೆಯಲ್ಲ,” ಎಂದಳು. “ಇವತ್ತು ಬೆಳಿಗ್ಗೆ ಹೇಳಿಕೊಟ್ಟರು. ಈಸ್ಟ್ ಹ್ಯಾಮಿನಲ್ಲಿರುವ ನನ್ನ ಅಕ್ಕನಿಗೆ ಇಲ್ಲ. ಅವಳು ಬಂದದ್ದು ಎರಡು ಸಾವಿರದ ಇಪ್ಪತ್ತೆರಡರಲ್ಲಿ, ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಮೇಲೆ. ಆದರೆ ಆಯಿಗೆ ಇದೆ. ಇಂಡಿಯಾ ಕಾಮನ್‌ವೆಲ್ತ್ ದೇಶ. ಇಲ್ಲಿರಲು ಅನುಮತಿ ಇರುವ ಕಾಮನ್‌ವೆಲ್ತಿನವರು ಎಲ್ಲ ಚುನಾವಣೆಯಲ್ಲೂ ಓಟು ಹಾಕಬಹುದು.”

ವಿನಾಯಕ ನಕ್ಕ. ಕೆಲಸಕ್ಕೆ ಹೊಸದಾಗಿ ಸೇರಿದವರು ತಪ್ಪು ಮಾಡಿದಾಗ ನಗುತ್ತಾನಲ್ಲ, ಆ ನಗು. ಸ್ಪಂದನಾ ಅಷ್ಟರಲ್ಲಿ ಫೋನಿನಲ್ಲಿ ನೋಡುತ್ತಿದ್ದಳು.

“ಅಪ್ಪಾ, ಶಿ ಈಸ್ ರೈಟ್. ಸರ್ಕಾರದ ಸೈಟ್‌ನಲ್ಲೇ ಇದೆ.”

“ಕೊಡು ಇಲ್ಲಿ.” ಓದಿದ. ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಮತ್ತೆ ಓದಿದ. ನಗು ಹೋಯಿತು. “ಇದು ಹೊಸಾ ರೂಲ್ ಇರಬೇಕು,” ಎಂದ.

“ನೋ. ತುಂಬಾ ಹಳೇದು,” ಎಂದಳು ಸ್ಪಂದನಾ.

ನಾನು ಇಲ್ಲಿಗೆ ಬಂದದ್ದು ಎರಡು ಸಾವಿರದ ಹತ್ತರ ಅಕ್ಟೋಬರಿನಲ್ಲಿ. ಯಜಮಾನರು ತೀರಿಕೊಂಡಿದ್ದರು, ಸ್ಪಂದನಾ ತೊಟ್ಟಿಲಲ್ಲಿದ್ದಳು. ನನಗಾಗ ಅರವತ್ತಾರು. ಕಾಯಂ ಇರುವ ಪರವಾನಗಿ ಸಿಕ್ಕಿತು. ಪಾಸ್‌ಪೋರ್ಟ್ ಮಾತ್ರ ಭಾರತದ್ದೇ ಉಳಿಯಿತು. ಅಂದಿನಿಂದ ಪ್ರತಿ ವರ್ಷ ಕೌನ್ಸಿಲಿನಿಂದ, ಅಂದರೆ ಇಲ್ಲಿಯ ನಗರಸಭೆಯಿಂದ, ಮನೆಗೆ ಒಂದು ಫಾರ್ಮು ಬರುತ್ತದೆ: ಈ ಮನೆಯಲ್ಲಿ ಓಟಿನ ಹಕ್ಕಿರುವವರು ಯಾರು ಯಾರು, ಹೆಸರು ಬರೆಯಿರಿ. ವಿನಾಯಕ ಅದನ್ನು ಇದೇ ಮೇಜಿನ ಮೇಲೆ, ನನ್ನ ಎದುರಿಗೇ ತುಂಬುತ್ತಿದ್ದ. ಮೊದಲನೆಯ ವರ್ಷ ನಾನು ಕೇಳಿದ್ದೆ, ನನ್ನ ಹೆಸರಪ್ಪಾ ಎಂದು. ನಿನಗಿಲ್ಲವ್ವಾ ಎಂದಿದ್ದ. ನನ್ನ ಮಗ ಓದಿದವನು, ಹೇಳಿದ ಮೇಲೆ ಮುಗಿಯಿತು. ಮತ್ತೆ ಕೇಳಲಿಲ್ಲ. ಹೋದ ವರ್ಷ ಸ್ಪಂದನಾಳಿಗೆ ಹದಿನಾರು ತುಂಬಿತ್ತು. ಹದಿನೆಂಟಾಗುವ ಮೊದಲೇ ಹೆಸರು ಸೇರಿಸಿಡಬಹುದು ಎಂದು ಅವಳ ಹೆಸರನ್ನೂ ಬರೆದ. ಕೂಸಿನ ಹೆಸರು ಬರೆದವನು ಎಂಬತ್ತೊಂದರ ಅವ್ವನ ಹೆಸರು ಬರೆಯಲಿಲ್ಲ.

ಇಯೆವಾ ಹಾಳೆ ಮಗುಚಿ ಏನೋ ಬರೆಯುತ್ತಿದ್ದಳು. ಅವಳೂ ಸ್ಪಂದನಾಳೂ ತಲೆಗೆ ತಲೆ ತಾಗಿಸಿ ಎಣಿಸಿದರು. ನಾನು ಬಂದ ಮೇಲೆ ಇಲ್ಲಿ ಎಷ್ಟು ಸಲ ಮತದಾನ ಆಯಿತು ಎಂದು. ಪಾರ್ಲಿಮೆಂಟಿಗೆ ನಾಲ್ಕು ಸಲ. ಲಂಡನ್ ಮೇಯರಿಗೆ ನಾಲ್ಕು. ಕೌನ್ಸಿಲಿಗೆ ಮೂರು. ಒಂದು ವರ್ಷ ಕೌನ್ಸಿಲಿನ ದಿನವೇ ಯುರೋಪ್ ಪಾರ್ಲಿಮೆಂಟಿನದೂ ಇತ್ತು, ಆಮೇಲೆ ಅದಕ್ಕೇ ಬೇರೆಯಾಗಿ ಇನ್ನೊಂದು ಸಲ. ಎರಡು ಜನಮತಗಣನೆ. ಒಟ್ಟು ಹದಿನಾಲ್ಕು ದಿನ.

“ಆಯಿ,” ಎಂದಳು ಇಯೆವಾ. ಅವಳ ಬಿಳಿ ಕತ್ತು ಕೆಂಪಾಗಿತ್ತು. “ನೀವು ಯುರೋಪ್ ಪಾರ್ಲಿಮೆಂಟಿಗೇ ಎರಡು ಸಲ ಓಟು ಹಾಕಬಹುದಿತ್ತು. ಹದಿನಾರನೇ ಇಸವಿಯಲ್ಲಿ, ಬ್ರಿಟನ್ ಯುರೋಪಿನಲ್ಲಿ ಇರಬೇಕೋ ಬಿಡಬೇಕೋ ಎಂದು ಕೇಳಿದರಲ್ಲ, ಆವಾಗಲೂ. ಇಲ್ಲಿದ್ದ ನಮ್ಮ ದೇಶದವರಿಗೆ ಆ ಓಟು ಇರಲಿಲ್ಲ. ನಿಮಗಿತ್ತು.”

ನಾನು ಮಗನ ಕಡೆ ತಿರುಗಿದೆ.

“ಆವತ್ತು ನೀನರೆ ಹಾಕಿದ್ಯೋ?”

ಅವನು ನೀರಿನ ಲೋಟ ಎತ್ತಿದ. “ಆವತ್ತ ಆಫೀಸಿನ್ಯಾಗ ಹೊಸಾ ಸಿಸ್ಟಮ್ ಚಾಲೂ ಮಾಡೂದಿತ್ತವ್ವಾ. ರೀಡಿಂಗ್ ಊರಾಗ ಇದ್ದೆ.”

“ಅಂದ್ರ ನಂದೂ ಹೋತು, ನಿಂದೂ ಹೋತು.”

“ಅತ್ತೆ, ಆಗಿದ್ದು ಆಗೋಯ್ತು, ಬಿಡಿ,” ಎಂದಳು ಚಂದ್ರಿಕಾ. ಬೆಂಗಳೂರಿನ ಹುಡುಗಿ, ಮನೆಯಲ್ಲಿ ಧ್ವನಿ ಏರುವುದು ಅವಳಿಗೆ ಆಗದು. “ಇವ್ರಿಗೂ ಗೊತ್ತಿರ್ಲಿಲ್ಲ ಅಲ್ವಾ?”

ಗೊತ್ತಿಲ್ಲದಿದ್ದರೆ ಅದು ತಪ್ಪಲ್ಲ. ನನಗೇ ಮೂವತ್ತೆಂಟರವರೆಗೆ ಅಕ್ಷರ ಗೊತ್ತಿರಲಿಲ್ಲ. ಆದರೆ ಪಾತ್ರೆ ತೊಳೆಯುವ ಯಂತ್ರ ಕೆಟ್ಟಾಗ ಗ್ಯಾರಂಟಿ ಇದೆಯೇ ಎಂದು ಕೇಳಲು ಇದೇ ವಿನಾಯಕ ಒಂದು ಗಂಟೆ ಫೋನು ಹಿಡಿದು ಕೂತಿದ್ದ, ನಡುವೆ ಹಾಕಿದ ಹಾಡನ್ನೆಲ್ಲ ಕೇಳಿಸಿಕೊಂಡು. ನನ್ನ ಓಟಿನ ಬಗ್ಗೆ ಒಂದು ಫೋನು ಮಾಡಲಿಲ್ಲ. ಅನುಮಾನವೇ ಬರಲಿಲ್ಲ ಅವನಿಗೆ. ಓಟಿರುವವಳ ಹಾಗೆ ನಾನು ಕಾಣಿಸಿರಲಿಕ್ಕಿಲ್ಲ. ರೊಟ್ಟಿ ಬಡಿಯುವವಳು, ಮಗುವನ್ನು ಶಾಲೆಯಿಂದ ಕರೆತರುವವಳು, ಪಾರ್ಸೆಲ್ ಬಂದರೆ ಬಾಗಿಲು ತೆಗೆಯುವವಳು.

ಊರಿನಲ್ಲಿ ಇಪ್ಪತ್ಮೂರನೆಯ ವಯಸ್ಸಿಗೆ ಮೊದಲ ಓಟು ಹಾಕಿದೆ, ಹೆಬ್ಬೆಟ್ಟು ಒತ್ತಿ. ಮತ್ತೆ ಒಂದನ್ನೂ ಬಿಟ್ಟಿರಲಿಲ್ಲ. ವಿನಾಯಕ ಹೊಟ್ಟೆಯಲ್ಲಿದ್ದಾಗ ಎಂಟನೆಯ ತಿಂಗಳಲ್ಲಿ ಸಾಲಿನಲ್ಲಿ ನಿಂತಿದ್ದೆ. ರಾತ್ರಿ ಶಾಲೆಗೆ ಹೋಗಿ ಕಲಿತ ಮೇಲೆ ಮೊದಲ ಸಹಿ ಮಾಡಿದ್ದೂ ಓಟಿನ ರಿಜಿಸ್ಟರಿನಲ್ಲೇ.

“ಮುಂದಿನ ತಿಂಗಳು ಏಳನೇ ತಾರೀಖಿಗೆ ಕೌನ್ಸಿಲ್ ಇಲೆಕ್ಷನ್ ಇದೆ,” ಎಂದಳು ಸ್ಪಂದನಾ. “ಈ ತಿಂಗಳು ಇಪ್ಪತ್ತರ ಒಳಗೆ ರಿಜಿಸ್ಟರ್ ಮಾಡಿದ್ರೆ ಆಯಿ ಕ್ಯಾನ್ ವೋಟ್.”

“ಹಂಗಾರ ಮಾಡಪಾ,” ಎಂದೆ ಮಗನಿಗೆ.

“ಮಾಡೂಣು,” ಎಂದ. ಕಣ್ಣು ಮಾತ್ರ ತಟ್ಟೆಯ ಮೇಲಿತ್ತು.

ಮರುದಿನ ಕೇಳಿದೆ. ಮೀಟಿಂಗು. ಅದರ ಮರುದಿನ ಕೇಳಿದೆ. ತಲೆನೋವು. ಎರಡು ದಿನ ಬಿಟ್ಟು ಅಡಿಗೆಮನೆಯಲ್ಲಿ ಅವನಿಗೆ ಅಡ್ಡಹಾಕಿ ನಿಂತೆ. ನನ್ನ ಕಾಗದಪತ್ರಗಳೆಲ್ಲ ಅವನ ಕೋಣೆಯ ಕಬ್ಬಿಣದ ಡಬ್ಬಿಯಲ್ಲಿರುತ್ತವೆ. ಕೀಲಿ ಅವನ ಹತ್ತಿರ.

“ನನ್ನ ಪಾಸ್‌ಪೋರ್ಟ್ ಕೊಡು. ನಾನೂ ಹುಡುಗ್ಯಾರೂ ಕೂಡಿ ಮಾಡ್ಕೋತೀವಿ.”

“ಅವ್ವಾ, ನಿನಗ ತಿಳ್ಯಂಗಿಲ್ಲ. ಸರ್ಕಾರದ ಫಾರ್ಮ್ ಅಂದ್ರ ಹುಡುಗಾಟಕಿ ಅಲ್ಲ. ನನ್ನ ಜೋಡಿ ರೂಮಿನಾಗ ಇದ್ದಾವ ಹುಬ್ಬಳ್ಳಿ ಹುಡುಗ, ಒಂದ ಟಿಕ್ ತಪ್ಪು ಹಾಕಿದ್ದಕ್ಕ ವೀಸಾ ಹೋತು. ಗಂಟುಮೂಟಿ ಕಟ್ಟಿ ಹೋದ. ನಾಳಿಗಿ ನೀ ಓಟು ಕೇಳಿದಿ ಅಂತ ನಿನ್ನ ಪರ್ಮಿಟ್‌ಗೆ ಏನರೆ ಆದ್ರ? ಎಂಬತ್ತೊಂದನೇ ವರ್ಷಕ್ಕ ನಿನ್ನ ಎಲ್ಲಿ ಕಳಸ್ಲಿ?”

ಆಗ ನನಗೆ ತಿಳಿಯಿತು. ಅವನಿಗೆ ಹೆದರಿಕೆ. ಇಪ್ಪತ್ಮೂರು ವರ್ಷದ ಹಿಂದೆ ವೀಸಾದ ಸಾಲಿನಲ್ಲಿ ಹುಟ್ಟಿದ ಹೆದರಿಕೆ, ಬ್ರಿಟಿಷ್ ಪಾಸ್‌ಪೋರ್ಟ್ ಬಂದ ಮೇಲೂ ಹೋಗಿಲ್ಲ. ಇಂಥ ಹೆದರಿಕೆ ನಮ್ಮವರ ಎಷ್ಟು ಮನೆಗಳಲ್ಲಿ ಕೂತಿದೆಯೋ. ನಮ್ಮ ಸಂಜೆಯ ಇಂಗ್ಲಿಷ್ ಕ್ಲಾಸಿನಲ್ಲಿ ಈ ಮಾತು ತೆಗೆದಾಗ ನನ್ನ ಜೊತೆ ಕಲಿಯುವ ಗಿರಿಜಾದೇವಿಯೂ ವಿನಾಯಕನ ಮೊದಲ ಮಾತನ್ನೇ ಹೇಳಿದಳು: ನಮಗೆಲ್ಲಿ ಓಟು ಅಕ್ಕಾ, ನಮ್ಮದು ಇಂಡಿಯಾ ಪಾಸ್‌ಪೋರ್ಟು. ಅವಳು ಬಂದು ಇಪ್ಪತ್ತೊಂದು ವರ್ಷ.

ಪಾಪ ಎನಿಸಿತು, ಇಲ್ಲವೆನ್ನುವುದಿಲ್ಲ. ಆದರೆ ಸಿಟ್ಟು ಕಡಿಮೆಯಾಗಲಿಲ್ಲ. ಅವನ ಹೆದರಿಕೆಗೆ ನನ್ನ ಹದಿನಾಲ್ಕು ಓಟು ಯಾಕೆ ಹೋಗಬೇಕು?

“ಹುಡುಗ್ಯಾರು ಓದಿ ತೋರಿಸ್ಯಾರ. ಇದು ನನ್ನ ಹಕ್ಕು ಅಂತ ಬರದೈತಿ,” ಎಂದೆ.

“ಮುಂದಿನ ವರ್ಷ ಸಾವಕಾಶ ವಿಚಾರ ಮಾಡೂಣವ್ವಾ.”

“ಮುಂದಿನ ವರ್ಷ ಇಲೆಕ್ಷನ್ ಐತೇನು?”

“ಇಲ್ಲ.”

“ನಾ ಇರ್ತೀನಂತ ಬರಕೊಡ್ತಿಯೇನು?”

ಅವನು ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿ ಹೊರಟುಹೋದ.

ಕಾರ್ಯಕ್ರಮದ ಕೊನೆಯ ದಿನ ಶುಕ್ರವಾರ, ಮಧ್ಯಾಹ್ನ ಮೂರಕ್ಕೆ ಮನೆಯವರನ್ನೆಲ್ಲ ಹಾಲಿಗೆ ಕರೆದಿದ್ದರು. ನಮ್ಮ ಸಂಜೆಯ ಕ್ಲಾಸು ನಡೆಯುವ ಹಾಲೇ ಅದು. ಗೋಡೆಯ ತುಂಬ ಮಕ್ಕಳು ಬರೆದ ಚಾರ್ಟುಗಳು. ಯುರೋಪ್ ನನಗೆ ಏನು ಎಂದು ಒಬ್ಬ ರೈಲಿನ ಚಿತ್ರ ಬರೆದಿದ್ದ, ಒಬ್ಬಳು ತನ್ನ ಮೂವರು ಅಜ್ಜಿಯರನ್ನು. ಕಾರ್ಯಕ್ರಮ ನಡೆಸುವ ಹೆಲೆನ್ ಎಂಬ ಹೆಂಗಸು ಬಾಗಿಲಲ್ಲಿ ನನ್ನ ಕೈಹಿಡಿದು, “ನಿಮ್ಮ ರೊಟ್ಟಿಯ ವಿಷಯ ಬಹಳ ಕೇಳಿದ್ದೇನೆ,” ಎಂದಳು. ಒಳ್ಳೆಯ ಹೆಂಗಸು. ಮುಂದಿನ ಸಾಲಿನಲ್ಲೇ ಕೂಡಿಸಿದಳು. ನನ್ನ ಪಕ್ಕ ವಿನಾಯಕ, ಅವನ ಆಚೆ ಚಂದ್ರಿಕಾ.

ಮಕ್ಕಳು ಒಬ್ಬೊಬ್ಬರಾಗಿ ಬಂದು ಮಾತಾಡಿದರು. ಪಾಲ್ಗೊಳ್ಳುವುದು, ಪ್ರಶ್ನಿಸುವುದು, ಯಾರನ್ನೂ ಹಿಂದೆ ಬಿಡದಿರುವುದು. ನಾನು ಎಲ್ಲದಕ್ಕೂ ಚಪ್ಪಾಳೆ ತಟ್ಟಿದೆ. ಆಮೇಲೆ ಹೆಲೆನ್ ಮೈಕು ಹಿಡಿದು ಹೇಳಿದಳು, “ಈಗ ನಮ್ಮ ಮಕ್ಕಳಿಗೆ ಒಂದು ದೃಶ್ಯ ತೋರಿಸೋಣ. ಮುಂದಿನ ತಿಂಗಳು ಏಳಕ್ಕೆ ಯಾರಿಗೆ ಓಟು ಹಾಕುವ ಹಕ್ಕಿದೆಯೋ ಅವರೆಲ್ಲ ಎದ್ದು ನಿಲ್ಲಿ.”

ಕುರ್ಚಿಗಳು ಸದ್ದು ಮಾಡಿದವು. ವಿನಾಯಕ ಎದ್ದ, ಚಂದ್ರಿಕಾ ಎದ್ದಳು. ನಾನೂ ಮೊಣಕಾಲಿಗೆ ಕೈಕೊಟ್ಟು ಎದ್ದೆ.

ವಿನಾಯಕ ನನ್ನ ಸೆರಗು ಹಿಡಿದು ಮೆಲ್ಲಗೆ ಎಳೆದ. “ಕೂಡವ್ವಾ. ಎಲ್ಲಾರೂ ನೋಡಾಕತ್ತಾರ.”

“ನೋಡ್ಲಿ.”

ಹೆಲೆನ್ ನಮ್ಮ ಕಡೆ ಬಗ್ಗಿ, ಕಿವುಡರಿಗೆ ಹೇಳುವಂತೆ ಬಾಯಿ ಅಗಲಿಸಿ ಹೇಳಿದಳು, “ಆಂಟಿ, ನೀವು ಕೂತುಕೊಳ್ಳಬಹುದು. ಇದು ಓಟು ಇರುವವರಿಗೆ ಮಾತ್ರ.”

ಯಾರು ಓಟು ಹಾಕಬಹುದು ಎಂದು ಮಕ್ಕಳಿಗೆ ಕಲಿಸಿದವಳು ಇವಳೇ. ಹಾಳೆ ಅಚ್ಚು ಹಾಕಿಸಿ ಹಂಚಿದವಳು ಇವಳೇ. ಹಾಳೆಯಲ್ಲಿ ನಾನಿದ್ದೆ. ಎದುರಿಗೆ ಸೀರೆ ಉಟ್ಟು ನಿಂತರೆ ಕಾಣಲಿಲ್ಲ! ನನ್ನ ಮಗನ ಕಣ್ಣೂ ಅವಳ ಕಣ್ಣೂ ಒಂದೇ.

ನಾನು ಇಂಗ್ಲಿಷಿನಲ್ಲೇ ಹೇಳಿದೆ. ತಪ್ಪಿತ್ತೋ ಸರಿಯಿತ್ತೋ, ಗಟ್ಟಿಯಾಗಿ ಹೇಳಿದೆ. “ನನಗೆ ಓಟು ಇದೆ. ಹದಿನಾರು ವರ್ಷದಿಂದ ಇದೆ. ಯಾರೂ ಹೇಳಲಿಲ್ಲ. ನೀವು ಕಲಿಸಿದ ಈ ಹುಡುಗಿ ಹೇಳಿದಳು. ಈಗ ನೀವೇ ಕೂತುಕೋ ಅನ್ನುತ್ತೀರಿ.”

ವೇದಿಕೆಯ ಮೇಲಿಂದ ಇಯೆವಾ, “ಅದು ನಿಜ, ಹೆಲೆನ್,” ಎಂದಳು. ಹೆಲೆನ್ ಮೈಕು ಕೆಳಗಿಳಿಸಿದಳು. ಕ್ಷಮಿಸಿ, ಕ್ಷಮಿಸಿ ಎಂದಳು, ಮೂರು ಸಲ. ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಶುರುಮಾಡಿದರು. ನನಗೆ ಅದು ಬೇಕಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಜಮೈಕಾದ ಮುದುಕ ಮಾತ್ರ ಸರಿಯಾದ ಮಾತು ಕೇಳಿದ: “ಅಮ್ಮಾ, ಹೆಸರು ಸೇರಿಸಿದ್ದೀರಾ?”

“ಇಲ್ಲ,” ಎಂದೆ. “ನನ್ನ ಪಾಸ್‌ಪೋರ್ಟ್ ನನ್ನ ಮಗನ ಡಬ್ಬಿಯಲ್ಲಿದೆ.”

ವಿನಾಯಕನ ಕೈಯಿಂದ ಸೆರಗು ಜಾರಿತು. ಮನೆಗೆ ಬರುವಾಗ ಕಾರಿನಲ್ಲಿ ಚಂದ್ರಿಕಾ ಒಮ್ಮೆ, “ಅತ್ತೆ, ಅಷ್ಟು ಜನರ ಮುಂದೆ...” ಎಂದು ಶುರುಮಾಡಿದಳು. ಸ್ಪಂದನಾ ಹಿಂದಿನಿಂದ, “ಅಮ್ಮಾ, ಪ್ಲೀಸ್. ಜಸ್ಟ್ ಸ್ಟಾಪ್,” ಎಂದಳು. ಆ ಹುಡುಗಿಯ ಇಂಗ್ಲಿಷ್ ಆ ದಿನ ನನಗೆ ಪೂರ್ತಿ ತಿಳಿಯಿತು.

ಮರುದಿನ ಬೆಳಿಗ್ಗೆ ಇಯೆವಾಳನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ ಮೇಲೆ ವಿನಾಯಕ ಡಬ್ಬಿಯನ್ನೇ ತಂದು ನನ್ನ ಹಾಸಿಗೆಯ ಮೇಲಿಟ್ಟ. ಕೀಲಿಯನ್ನೂ ಇಟ್ಟ.

“ಮಂದಿ ಮುಂದ ನನ್ನ ಮಾನ ಕಳದಿ,” ಎಂದ.

“ನಿನ್ನ ಮಾನ ಒಂದ ಮಧ್ಯಾಹ್ನ ಹೋತು,” ಎಂದೆ. “ನಂದು ಹದಿನಾರು ವರ್ಷ ಹೋಗೈತಿ.”

ಸ್ಪಂದನಾ ಫಾರ್ಮು ತೆರೆದಳು. ಹೆಸರು: ನಾಗವ್ವ ಕಲ್ಲಯ್ಯ ಹಿರೇಮಠ. ಹುಟ್ಟಿದ ದಿನ. ದೇಶ: ಭಾರತ. ನ್ಯಾಷನಲ್ ಇನ್ಶೂರೆನ್ಸ್ ನಂಬರು ಎಂಬಲ್ಲಿ ನಿಂತಿತು. ನಾನು ಇಲ್ಲಿ ಸಂಬಳದ ಕೆಲಸ ಮಾಡಿದವಳಲ್ಲ, ಆ ನಂಬರು ನನಗಿಲ್ಲ. ಯಾಕಿಲ್ಲ ಎಂದು ಕಾರಣ ಬರೆಯಿರಿ ಎಂದು ಕೇಳಿತು. “ಏನು ಬರೀಲಿ ಆಯಿ?” ಎಂದಳು. “ಮನ್ಯಾಗ ಕೆಲಸಾ ಮಾಡೀನಿ, ಅದಕ್ಕ ಯಾರೂ ನಂಬರು ಕೊಡಲಿಲ್ಲ ಅಂತ ಬರಿ,” ಎಂದೆ. ಅವಳು ಹಾಗೆಯೇ ಬರೆದಳು.

ಐದು ದಿನಕ್ಕೆ ಕೌನ್ಸಿಲಿನಿಂದ ಪತ್ರ ಬಂತು. ಗುರುತಿನ ದಾಖಲೆ ತೋರಿಸಬೇಕು ಎಂದು. ವಿನಾಯಕ ಅದನ್ನು ಎರಡು ಸಲ ಓದಿ, ಮಡಿಸಿ ಮೇಜಿನ ಮೇಲೆ ಇಟ್ಟ. ನಾನು ಗಿರಿಜಾದೇವಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಕೌಂಟರಿನ ಹುಡುಗ ಪಾಸ್‌ಪೋರ್ಟ್ ನೋಡಿ, ಕಾಪಿ ತೆಗೆದು, ಹತ್ತು ನಿಮಿಷದಲ್ಲಿ ಮುಗಿಸಿದ. ಯಾರೂ ಎಲ್ಲಿಗೂ ಫೋನು ಮಾಡಲಿಲ್ಲ. ಯಾರೂ ನನ್ನನ್ನು ಎಲ್ಲಿಗೂ ಕಳುಹಿಸಲಿಲ್ಲ. ಗಿರಿಜಾದೇವಿ ಅಲ್ಲೇ ತನಗೂ ಹೇಗೆ ಎಂದು ಕೇಳಿಕೊಂಡಳು.

ಏಳನೆಯ ತಾರೀಖು ಬೆಳಿಗ್ಗೆ ಏಳೂವರೆಗೆ ಮತಗಟ್ಟೆಗೆ ಹೋದೆವು, ನಾನೂ ವಿನಾಯಕನೂ. ಸ್ಪಂದನಾ ಒಂದು ಕಾಲದಲ್ಲಿ ಕಲಿತ ಪ್ರೈಮರಿ ಶಾಲೆಯೇ ಮತಗಟ್ಟೆ. ನಾನೇನೂ ಅವನನ್ನು ಕರೆದಿರಲಿಲ್ಲ. ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ, “ನಡಿ, ನಾನೂ ಬರ್ತೀನಿ,” ಎಂದ. ನಮ್ಮ ಮುಂದೆ ನಾಲ್ಕು ಜನ. ಮೇಜಿನ ಹಿಂದಿನ ಹೆಂಗಸಿಗೆ ವಿಳಾಸ ಹೇಳಿ, ನನ್ನ ಫೋಟೋ ಇರುವ ಹಿರಿಯರ ಬಸ್ಸಿನ ಪಾಸು ತೋರಿಸಿದೆ. ಅವಳು ಅಡಿಕೋಲು ಇಟ್ಟು ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು ಚೀಟಿ ಕೊಟ್ಟಳು. ಮರೆಯಲ್ಲಿ ದಾರಕ್ಕೆ ಕಟ್ಟಿದ ಒಂದು ಮೋಟು ಪೆನ್ಸಿಲು. ಇಷ್ಟು ದೊಡ್ಡ ದೇಶಕ್ಕೆ ಒಂದು ಪೆನ್ನು ಕಟ್ಟುವ ಯೋಗ್ಯತೆ ಇಲ್ಲವೇ! ಅಳಿಸಿಹೋಗದಿರಲಿ ಎಂದು ಎರಡೆರಡು ಸಲ ಒತ್ತಿ ಗುರುತು ಹಾಕಿದೆ. ಯಾರಿಗೆ ಹಾಕಿದೆ ಎನ್ನುವುದು ನನಗಿರಲಿ. ಮಡಿಸಿ ಪೆಟ್ಟಿಗೆಗೆ ಬಿಟ್ಟೆ.

ತಿರುಗಿ ನೋಡಿದರೆ ವಿನಾಯಕ ಇನ್ನೂ ಮೇಜಿನ ಮುಂದೆಯೇ ಇದ್ದಾನೆ. ಕೊರಳಿನಲ್ಲಿ ತೂಗುವ ಆಫೀಸಿನ ಗುರುತಿನ ಬಿಲ್ಲೆ ತೋರಿಸುತ್ತಿದ್ದಾನೆ. ಆ ಹೆಂಗಸು ಆಗದೆಂದು ತಲೆಯಾಡಿಸುತ್ತಾಳೆ. ಫೋನಿನಲ್ಲಿ ಪಾಸ್‌ಪೋರ್ಟಿನ ಫೋಟೋ ತೋರಿಸುತ್ತಾನೆ. ಅದಕ್ಕೂ ತಲೆಯಾಡಿಸುತ್ತಾಳೆ. ಭಾವಚಿತ್ರವಿರುವ ಅಸಲಿ ದಾಖಲೆ ತರಬೇಕು ಎಂಬ ಕಾನೂನು ಬಂದು ಮೂರು ವರ್ಷವಾಗಿದೆ, ಸರ್, ಎಂದಳು. ಅವನು ಅದು ಬಂದ ಮೇಲೆ ಒಮ್ಮೆಯೂ ಓಟಿಗೆ ಬಂದಿರಲಿಲ್ಲವೆಂದು ನನಗೆ ಆಗ ತಿಳಿಯಿತು.

ಅಂಗಳಕ್ಕೆ ಬಂದು ನಿಂತ.

“ಮನಿಗೆ ಹೋಗಿ ಬರೂದಂದ್ರ ಇಪ್ಪತ್ತು ಮಿನಿಟು ಅವ್ವಾ. ಎಂಟೂವರಿಗೆ ನನಗ ಕಾಲ್ ಐತಿ. ಸಂಜಿಗೆ ಬರ್ತೀನಿ.”

“ಸಂಜಿಗೆ ನೀ ಬರಂಗಿಲ್ಲ. ಈಗ ಹೋಗು. ನಾ ಇಲ್ಲೇ ಗೇಟಿನಾಗ ನಿಂತಿರ್ತೀನಿ.”

“ಥಂಡಿ ಐತಿ.”

“ಹೌದು. ಅದಕ್ಕ ಓಡು.”

ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಗಡಿಯಾರ ನೋಡಿದ. ಐವತ್ತೊಂದರ ಮಗ, ಬಿಲ್ಲೆಯನ್ನು ಅಂಗಿಯೊಳಗೆ ತುರುಕಿಕೊಂಡು ಓಡಿದ. ನಾನು ಬರುವವರಿಗೆ ದಾರಿ ಬಿಟ್ಟು, ಗೇಟಿನ ಬದಿಗೆ ಸರಿದು ನಿಂತೆ.